ಗೊರಕೆಗೆ ತಕ್ಕ ಗೋಡೆ

ಕಡಲಿಗೆ ಬೆನ್ನು ತಿರುಗಿಸಿ ನಿಂತು ಅತ್ತಿಗೆ ಕೇಳಿದ ಮೊದಲ ಪ್ರಶ್ನೆಯೇ ಅದು: "ವಿಮಾನದಲ್ಲಿ ಕೂರಿಸ್ಕೊಂಡು ಇಷ್ಟು ದೂರ ಕರ್ಕೊಂಡು ಬಂದೆಯಲ್ಲ, ಭಾಷೆ ಬರದ ಊರಲ್ಲಿ ನಾನು ಯಾರ ಹತ್ರ ಜಗಳ ಆಡ್ಲಿ?"

"ನಾನಿಲ್ವಾ?" ಎಂದಳು ನಾದಿನಿ.

"ನಿನ್ನ ಹತ್ರ ಆಡೀ ಆಡೀ ರುಚಿ ಕೆಟ್ಟುಹೋಗಿದೆ."

ಪಂಪು, ಫ್ಯಾನು, ಮಿಕ್ಸರುಗಳು ಎಷ್ಟೆಷ್ಟು ಸದ್ದು ಮಾಡುತ್ತವೆ ಎಂದು ಅಳೆಯುವ ಪ್ರಯೋಗಾಲಯದಲ್ಲಿ ದುಡಿದು ನಾದಿನಿ ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು. ಮದುವೆಯ ಗೊಡವೆಗೆ ಹೋಗದೆ ಅಣ್ಣನ ಮನೆಯಲ್ಲೇ ಉಳಿದವಳು. ಅವಳು ಹೈಸ್ಕೂಲಿನಲ್ಲಿದ್ದಾಗ ಆ ಮನೆಗೆ ಸೊಸೆಯಾಗಿ ಬಂದ ಅತ್ತಿಗೆಯೇ ಅವಳ ಜಡೆ ಹೆಣೆದವರು, ಆ ಜಡೆ ಜಗ್ಗಿ ಬೈದವರೂ ಅವರೇ.

ಅಣ್ಣ ತೀರಿಕೊಂಡ ಮೇಲೆ ಬಾಡಿಗೆ ಮನೆಯ ಮಾಲೀಕ ಕಟ್ಟಡ ಕೆಡವುತ್ತೇನೆಂದ. ಅತ್ತಿಗೆಯ ತಂಗಿಯ ಮಗಳು "ನಮ್ಮನೆಗೆ ಬಂದ್ಬಿಡು ದೊಡ್ಡಮ್ಮ" ಎಂದು ಫೋನಿನ ಮೇಲೆ ಫೋನು ಮಾಡತೊಡಗಿದಳು. ನಾದಿನಿ ಪ್ರತಿ ಸಲವೂ ಕಿವಿ ನಿಮಿರಿಸಿ ಕೇಳಿದಳು. ಇಬ್ಬರ ನಡುವಿನ ಕೊಂಡಿಯಾಗಿದ್ದ ಅಣ್ಣನೇ ಇಲ್ಲದ ಮೇಲೆ ಈ ಅತ್ತಿಗೆಯನ್ನು ತನ್ನ ಜೊತೆ ಹಿಡಿದಿಡುವುದು ಯಾವುದು? "ನನ್ನ ಜೊತೆಗೇ ಇರಿ" ಎನ್ನಲು ನಾಲಿಗೆ ಏಳಲಿಲ್ಲ. ಅದರ ಬದಲು, ಹಿಂದೊಮ್ಮೆ ಸಮ್ಮೇಳನಕ್ಕೆ ಬಂದಾಗ ಮನಸೋತು, ಭಾಷೆಯನ್ನೂ ಒಂದಿಷ್ಟು ಕಲಿತುಕೊಂಡಿದ್ದ ಈ ಪರದೇಶದ ಕಡಲೂರಿನಲ್ಲಿ ಒಂದು ಮನೆ ಕೊಳ್ಳೋಣ ಎಂದಳು. ನಿವೃತ್ತರಾದ ಹೊರನಾಡಿನವರು ಇಲ್ಲಿ ಮನೆ ಕೊಂಡು ನೆಲೆಸಬಹುದಿತ್ತು. ಬೆಲೆಯೂ ಅವಳ ಕೈಗೆಟುಕುವಂತಿತ್ತು. ಅತ್ತಿಗೆ "ನೋಡೋಣ" ಎಂದಿದ್ದರು. ಅವರ ಬಾಯಲ್ಲಿ ನೋಡೋಣ ಎಂದರೆ ಹೂಂ ಅಲ್ಲ, ಊಹೂಂ ಕೂಡ ಅಲ್ಲ.

ಮನೆ ತೋರಿಸಲು ಬಂದ ದಲ್ಲಾಳಿ ಬಕ್ಕತಲೆಯ ನಗುಮುಖದವನು. ಸೊಂಟಕ್ಕೆ ದೊಡ್ಡ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು, ನಡೆದಾಗೆಲ್ಲ ಝಣಝಣ ಎನ್ನುತ್ತಿದ್ದ. ಅತ್ತಿಗೆ ನಿಂತ ಕಾಲಲ್ಲೇ ಅವನಿಗೆ ಗೊಂಚಲಪ್ಪ ಎಂದು ನಾಮಕರಣ ಮಾಡಿದರು.

ಮೊದಲ ಮನೆ ಬಂದರಿನಿಂದ ಮೇಲೇರುವ ಓಣಿಯಲ್ಲಿತ್ತು. ಹಳೆಯದು, ಬಿಸಿಲು ಧಾರಾಳ. ಅತ್ತಿಗೆ ಅಡುಗೆಕಟ್ಟೆಗೆ ಸೊಂಟ ಆನಿಸಿ ನಿಂತು, ಡ್ರಾಯರುಗಳನ್ನು ಎಳೆದು ಮುಚ್ಚಿ, ಒಲೆಯ ಮೇಲಿನ ಕಿಟಕಿ ತೆರೆದು ನೋಡಿದರು. ನಾದಿನಿ ಅದನ್ನು ಗಮನಿಸಲಿಲ್ಲ. ಎರಡು ಮಲಗುವ ಕೋಣೆಗಳ ನಡುವಿನ ಹಲಗೆಗೋಡೆಗೆ ಬೆರಳಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು, ಮುಖ ಕಿವುಚಿದಳು.

"ರಟ್ಟಿನ ಡಬ್ಬ. ಇದು ಆಗಲ್ಲ, ನಡೀರಿ."

ಎರಡನೆಯದು ಊರ ತುದಿಯ ಹೊಸ ಕಟ್ಟಡದಲ್ಲಿ. ಕೋಣೆಗಳ ನಡುವೆ ಎರಡು ಪದರದ ಗೋಡೆ, ಒಳಗೆ ಸದ್ದು ಹೀರುವ ಹಾಸು. ದಲ್ಲಾಳಿ ಅಷ್ಟು ಹೇಳಿದ್ದೇ ತಡ, ನಾದಿನಿಯ ಮುಖ ಅರಳಿತು. ಚೀಲದಿಂದ ಸದ್ದು ಅಳೆಯುವ ಪುಟ್ಟ ಯಂತ್ರ ತೆಗೆದಳು. ಫೋನನ್ನು ಒಂದು ಕೋಣೆಯ ಮಂಚದ ಮೇಲಿಟ್ಟು ಗುಂಡಿ ಒತ್ತಿದಳು.

ಘೊರ್ರ್ ಎಂಬ ಸದ್ದು ಖಾಲಿ ಕೋಣೆಯನ್ನು ತುಂಬಿತು. ನಡುವೆ ಒಂದು ಸೀಟಿ, ಒಂದು ತಡೆ, ಮತ್ತೆ ಘೊರ್ರ್. ದಲ್ಲಾಳಿ ಎರಡು ಹೆಜ್ಜೆ ಹಿಂದೆ ಸರಿದ.

"ಏನೇ ಅದು? ಯಾವ ಪ್ರಾಣಿ?" ಅತ್ತಿಗೆ ಗಾಬರಿಯಾದರು.

"ನಿಮ್ಮದೇ."

"ಅಯ್ಯೋ ನಿನ್ನ! ಯಾವಾಗ ಹಿಡ್ಕೊಂಡೆ? ಪರಪುರುಷನ ಮುಂದೆ ಮಾನ ತೆಗೀತೀಯಲ್ಲೇ ಮಹರಾಯ್ತಿ!"

ನಗುತ್ತಲೇ ಅಂದಿದ್ದರು. ನಾದಿನಿ ಬಾಗಿಲು ಮುಚ್ಚಿ ಪಕ್ಕದ ಕೋಣೆಗೆ ಹೋದಳು. ಯಂತ್ರದ ಅಂಕಿ ಮಿಸುಕಲಿಲ್ಲ. ಅವಳು ಕುಣಿಯುವುದೊಂದು ಬಾಕಿ.

"ಅತ್ತಿಗೆ, ಇಲ್ಲಿ ಬನ್ನಿ! ಏನೂ ಕೇಳಿಸ್ತಿಲ್ಲ. ಆ ಕಡೆ ನೀವು ಏನು ಮಾಡಿದ್ರೂ ಈ ಕಡೆ ಗೊತ್ತೇ ಆಗಲ್ಲ!"

ಅವಳೇ ಹುಡುಕುತ್ತ ಬಂದಳು. ಅತ್ತಿಗೆ ಹೊರಗೆ ಮೆಟ್ಟಿಲ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಚೆನ್ನಾಗಿದೆ. ನೀನು ತಗೋ. ನಾನು ತಂಗಿ ಮಗಳ ಮನೆಗೆ ಹೋಗ್ತೀನಿ."

"ಇದನ್ನ ನಿಮಗೋಸ್ಕರಾನೇ ಹುಡುಕಿದ್ದು! ನಿಮ್ಮ ಗೊರಕೆಗೆ ನನ್ನ ನಿದ್ದೆ ಕೆಡುತ್ತೆ ಅಂತ, ನಾನು ಮಲಗೋವರೆಗೂ ನೀವು ಕಣ್ಣು ಬಿಟ್ಕೊಂಡು ಕೂತಿರ್ತೀರಲ್ಲ. ಇಲ್ಲಾದ್ರೂ ನೆಮ್ಮದಿಯಾಗಿ ಮಲಗಲಿ ಅಂತ."

ಅತ್ತಿಗೆ ಅವಳನ್ನು ನೋಡಲಿಲ್ಲ. "ನಿಮ್ಮಣ್ಣ ಬಚ್ಚಲಲ್ಲಿ ಬಿದ್ದಾಗ ನಾನು ಮಹಡಿ ಮೇಲಿದ್ದೆ. ಕರೆದಿದ್ದು ನನ್ನನ್ನೇ. ನನಗೆ ಕೇಳಿಸಲಿಲ್ಲ. ಬಚ್ಚಲ ಗೋಡೆಯಾಚೆಗಿದ್ದ ನಿನಗೆ ಕೇಳಿಸ್ತು, ನೀನು ಓಡಿದೆ. ಅದಕ್ಕೇ ಆಸ್ಪತ್ರೆಯಲ್ಲಿ ಅವರ ಜೊತೆ ನಾಲ್ಕು ಮಾತು ಆಡೋಕಾಯ್ತು ನನಗೆ. ನೀನೀಗ ನನ್ನ ಸದ್ದು ಕೇಳಿಸಲೇಬಾರದು ಅಂತ ಮಿಷನ್ ಹಿಡ್ಕೊಂಡು ಮನೆ ಹುಡುಕ್ತಿದ್ದೀಯ. ನಾನು ಬಿದ್ರೆ ಯಾರನ್ನ ಕರೀಲಿ? ಗೊಂಚಲಪ್ಪನ್ನ?"

ನಾದಿನಿಯ ಕೈಯಲ್ಲಿ ಯಂತ್ರ ಇನ್ನೂ ಮಿನುಗುತ್ತಿತ್ತು. ಪ್ರಯೋಗಾಲಯಕ್ಕೆ ಬರುತ್ತಿದ್ದ ಸದ್ದುಗಳೆಲ್ಲ ಯಾರಿಗೂ ಬೇಡವಾದವು. ಅಂಕಿ ಇಳಿದಷ್ಟೂ ಸಂತೋಷ. ಯಾರಿಗಾದರೂ ಬೇಕಾದ ಸದ್ದನ್ನು ಅವಳು ಒಮ್ಮೆಯೂ ಅಳೆದಿರಲಿಲ್ಲ. ಯಂತ್ರ ಆರಿಸಿ, ಅತ್ತಿಗೆಯ ಪಕ್ಕದಲ್ಲಿ ಕೂತಳು.

"ಅತ್ತಿಗೆ, ಗೊರಕೆ ನಿಂತ್ರೆ ನನಗೆ ಎಚ್ಚರ ಆಗುತ್ತೆ. ಮತ್ತೆ ಶುರುವಾದ ಮೇಲೇನೇ ನಿದ್ದೆ ಹತ್ತೋದು."

"ಮತ್ತೆ ಇಷ್ಟು ವರ್ಷ ಅದಕ್ಕೇ ನನ್ನ ಜೀವ ತಿಂದೆಯಲ್ಲೇ?"

"ಜಗಳಕ್ಕೆ ಏನಾದ್ರೂ ವಿಷಯ ಬೇಡ್ವಾ?"

ಅತ್ತಿಗೆ ಮೂಗಿನಲ್ಲೇ ನಕ್ಕಂತಾಯಿತು. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಎನ್ನಿಸಿ, ನಾದಿನಿ ಅವರತ್ತ ತಿರುಗಿದಳು. "ನನ್ನ ಜೊತೆ ಇರ್ತೀರಾ? ಇಲ್ಲೋ, ನಮ್ಮೂರಲ್ಲೋ, ಎಲ್ಲಾದ್ರೂ ಸರಿ."

ಅತ್ತಿಗೆ ಸೆರಗಿನ ಸುತ್ತು ಬಿಚ್ಚಿದರು. "ಇದನ್ನ ಬಾಯಿಬಿಟ್ಟು ಕೇಳೋಕೆ ಕಡಲು ದಾಟಿ ಬರಬೇಕಾಯ್ತಾ?" ಎಂದು ಮೊಣಕಾಲಿಗೆ ಕೈಯೂರಿ ಎದ್ದರು. "ಆ ಮೊದಲನೇ ಮನೆ ಅಡುಗೆಕಟ್ಟೆ ನನ್ನ ಸೊಂಟಕ್ಕೆ ಅಳತೆ ಕೊಟ್ಟು ಕಟ್ಟಿಸಿದ ಹಾಗಿತ್ತು. ನಿನಗೆ ಗೋಡೆ ಬಿಟ್ರೆ ಬೇರೇನೂ ಕಾಣಲಿಲ್ಲ."

ಇಬ್ಬರ ಏರುದನಿ ಕೇಳಿ, ವ್ಯಾಪಾರ ಮುರಿಯಿತೆಂದೇ ದಲ್ಲಾಳಿ ಸಪ್ಪಗಾಗಿದ್ದ. ಮತ್ತೆ ಓಣಿಯ ಮನೆಗೆ ಹೋಗೋಣ ಎಂದಾಗ ಗೊಂಚಲು ಝಣಗುಟ್ಟಿಸುತ್ತ ಮುಂದೆ ಓಡಿದ.

ಅಲ್ಲಿ ಅತ್ತಿಗೆ ಒಂದು ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು. ನಾದಿನಿ ಇನ್ನೊಂದರಲ್ಲಿ ನಿಂತಳು. ಯಂತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ. ಹಲಗೆಯಾಚೆಯಿಂದ ಸಣ್ಣ ಗೊಣಗು ಬಂತು:

"ಓದೀ ಓದೀ ಈ ಹುಡುಗಿಗೆ ಇದ್ದ ಬುದ್ಧಿಯೂ ಹೋಯ್ತು."

"ಕೇಳಿಸ್ತು!"

"ಕೇಳಿಸ್ಲಿ ಅಂತಾನೇ ಅಂದಿದ್ದು!"

ದಲ್ಲಾಳಿ ಆ ಬಾಗಿಲು ಈ ಬಾಗಿಲು ನೋಡಿದ. ಗೋಡೆ ತೆಳ್ಳಗಾಯಿತೆಂದು ಜಗಳವಿರಬೇಕು ಎಂದುಕೊಂಡನೋ ಏನೋ, ಬೇಕಿದ್ದರೆ ತನ್ನ ಖರ್ಚಿನಲ್ಲೇ ಸದ್ದು ತಡೆಯುವ ಹಾಸು ಹೊಡೆಸಿಕೊಡುತ್ತೇನೆ ಎಂದ. ನಾದಿನಿ ಅದನ್ನು ಗೋಡೆಯಾಚೆಗೆ ಕನ್ನಡದಲ್ಲಿ ದಾಟಿಸಿದಳು.

"ಗೋಡೆ ಮುಟ್ಟಿದ್ರೆ ಕೈ ಮುರೀತೀನಿ ಅಂತ ಹೇಳು ಅವನಿಗೆ!"

ನಾದಿನಿ ದಲ್ಲಾಳಿಯತ್ತ ತಿರುಗಿದಳು. ಗೋಡೆ ಹೀಗೇ ಇರಲಿ, ನಿಮ್ಮ ಉಪಕಾರವನ್ನು ನಮ್ಮತ್ತಿಗೆ ಮರೆಯುವುದಿಲ್ಲವಂತೆ ಎಂದು ಅವನ ಭಾಷೆಯಲ್ಲಿ ಹೇಳಿದಳು.

ಅವನು ಎದೆಯ ಮೇಲೆ ಕೈಯಿಟ್ಟು, ಅತ್ತಿಗೆಯಿದ್ದ ಗೋಡೆಗೆ ತಲೆಬಾಗಿ, ಗೊಂಚಲಿನಿಂದ ಆ ಮನೆಯ ಬೀಗದಕೈಯನ್ನು ಬಿಡಿಸತೊಡಗಿದ.