ಎರಡೂವರೆ ಮೀಟರ್

ಮಹಿಳಾ ಕಾನ್‌ಸ್ಟೇಬಲ್ ಆಗಬೇಕಾದರೆ ಎರಡೂವರೆ ಮೀಟರ್ ಉದ್ದ ಜಿಗಿಯಬೇಕು. ಅದೇನು ಮಹಾ ಅಂತ ಒಮ್ಮೆಯೂ ಜಿಗಿಯದವರೆಲ್ಲ ಹೇಳುತ್ತಾರೆ. ನಾನು ಎರಡು ಸಲ ಲಿಖಿತ ಪರೀಕ್ಷೆ ಪಾಸಾಗಿ, ಎರಡು ಸಲವೂ ಮರಳಿನ ಗುಂಡಿಯಲ್ಲಿ ನಪಾಸಾದವಳು. ಓಟದಲ್ಲಿ ನನ್ನನ್ನು ಹಿಂದೆ ಹಾಕುವ ಹುಡುಗಿಯರು ನಮ್ಮ ಇಂಡಿ ತಾಲೂಕಿನಲ್ಲಿ ಕಡಿಮೆ. ಆದರೆ ಜಿಗಿಯುವ ಗೆರೆ ಹತ್ತಿರ ಬಂತೆಂದರೆ ಕಾಲು ನನ್ನ ಮಾತು ಕೇಳುವುದಿಲ್ಲ. ವಯಸ್ಸಿನ ಮಿತಿ ನೋಡಿದರೆ ಈ ವರ್ಷವೇ ನನಗೆ ಕೊನೆಯ ಅವಕಾಶ.

ಹೀಗಿರುವಾಗ ಕಾಲೇಜಿನ ದೈಹಿಕ ಶಿಕ್ಷಣದ ವಿನೀತ ಸರ್, ತಮ್ಮ ಪಿಎಚ್‌ಡಿಗೆ ಆರೋಗ್ಯವಂತ ಹುಡುಗ ಹುಡುಗಿಯರು ಬೇಕು ಅಂದರು. ನೆತ್ತಿಯ ಮೇಲೊಂದು, ಹಣೆಯ ಮೇಲೊಂದು ಉಪ್ಪುನೀರಿನ ಸ್ಪಂಜು ಇಟ್ಟು, ರಬ್ಬರ್ ಪಟ್ಟಿ ಬಿಗಿದು, ಇಪ್ಪತ್ತು ನಿಮಿಷ ತೀರ ಸಣ್ಣ ಕರೆಂಟು ಹಾಯಿಸುವುದು. ಕಾಲನ್ನು ಆಡಿಸುವ ಮಿದುಳಿನ ಭಾಗ ಸರಿಯಾಗಿ ನೆತ್ತಿಯ ಕೆಳಗೇ ಇದೆಯಂತೆ. ಅದನ್ನು ಎಬ್ಬಿಸಿದರೆ ಕಾಲಿನ ಕಸುವು ಹೆಚ್ಚುತ್ತದೆಯೇ ಅಂತ ಅವರಿಗೆ ನೋಡಬೇಕಿತ್ತು. ನಾನು ಎಲ್ಲರಿಗಿಂತ ಮೊದಲು ಹೆಸರು ಬರೆಸಿದೆ.

"ಹೆಚ್ಚತದೋ ಇಲ್ಲೋ ನನಗೂ ಗೊತ್ತಿಲ್ಲ. ಒಂದಽ ಮಾತು, ತಲಿಗೆ ಎಣ್ಣಿ ಇರಬಾರದು. ತೊಳಕೊಂಡು ಬರಬೇಕು," ಅಂದರು ಸರ್.

ಅವರು ಚಡಚಣದ ಆಚಾರವಂತರ ಮನೆಯವರು, ಬೇರೆಯವರ ಮನೆಯ ಹೆಣ್ಣುಮಗಳ ತಲೆ ಮುಟ್ಟುವವರಲ್ಲ. ಗೋಡೆಗೆ ಕನ್ನಡಿ ತೂಗುಹಾಕಿ, ಪಟ್ಟಿ ಕಟ್ಟಿಕೊಳ್ಳುವುದನ್ನು ದೂರದಿಂದಲೇ ಹೇಳಿಕೊಟ್ಟು, ಪರದೆಯ ಆಚೆ ಹೋಗಿ ಕೂತರು. ನನ್ನ ತಲೆಯನ್ನು ನಾನೇ ನೋಡಿಕೊಳ್ಳಬೇಕಾಯಿತು.

ಮನೆಯಲ್ಲಿ ಅವ್ವ ಕರೆಂಟು ಅನ್ನುವ ಶಬ್ದ ಕೇಳಿದ್ದೇ ತಡ, ತಂಪಿಗೆಂದು ಔಡಲ ಎಣ್ಣೆಯ, ಅಂದರೆ ಹರಳೆಣ್ಣೆಯ, ಬಾಟಲಿ ತೆಗೆದಳು.

"ನೆತ್ತಿ ಕಾದು ಹುಚ್ಚ ಹಿಡದ್ರ ಯಾರ ನೋಡಬೇಕ? ಸುಮ್ನ ಕುಂಡ್ರ ಇಲ್ಲಿ!"

ಬೇಡವೆಂದರೆ ಹೊಸ್ತಿಲು ದಾಟಲು ಬಿಡಳು. ದಿನಾ ಬೆಳಿಗ್ಗೆ ಅಂಗೈ ತುಂಬ ಎಣ್ಣೆ ನನ್ನ ನೆತ್ತಿಗೆ ಬಡಿಯುತ್ತಿದ್ದಳು. ನಾನು ಓಣಿ ದಾಟಿದ ಮೇಲೆ ವೇಲಿನಿಂದ ಒರೆಸಿಕೊಂಡು, ಸರ್ ಕೇಳಿದರೆ "ಹಚ್ಚಿಲ್ರಿ" ಅನ್ನುತ್ತಿದ್ದೆ. ಔಡಲ ಎಣ್ಣೆ ಹಾಗೆಲ್ಲ ಒರೆಸಿದರೆ ಹೋಗುವಂಥದ್ದಲ್ಲ.

ಪಟ್ಟಿ ಬಿಗಿದು ಗುಂಡಿ ಒತ್ತಿದರೆ ಹಣೆಯಲ್ಲಿ ಒಂದಿಷ್ಟು ಚುರುಚುರು, ಯಂತ್ರದ ಮೇಲೊಂದು ಕೆಂಪು ದೀಪ, ಆಮೇಲೆ ಏನೂ ಇಲ್ಲ. ಆದರೆ ಎದ್ದು ಹೋಗಿ ಜಿಗಿದರೆ! ಎರಡು ಮೀಟರ್ ಮೂವತ್ತರಲ್ಲಿ ಸಾಯುತ್ತಿದ್ದವಳು ಮೂರನೆಯ ದಿನ ಎರಡು ಅರವತ್ತು ದಾಟಿದೆ. ಹತ್ತನೆಯ ದಿನ ಎರಡು ಎಪ್ಪತ್ತೆರಡು. ಕಾಲು ನನ್ನದೇ ಅಂತ ಮೊದಲ ಸಲ ಅನಿಸಿ ಮರಳಿನಲ್ಲೇ ಕೂತು ಅತ್ತೆ.

ನಡುವೆ ಒಂದು ಭಾನುವಾರ ಕಾಲೇಜಿಗೆ ಬೀಗವಿತ್ತು. ಯಂತ್ರವಿಲ್ಲದೆ ಮೈದಾನದಲ್ಲಿ ಜಿಗಿದೆ. ಎರಡು ಇಪ್ಪತ್ತೆಂಟು. ಮತ್ತೆ ಜಿಗಿದೆ, ಅಷ್ಟೇ. ಆ ಸಾಬೂನು ಡಬ್ಬಿಯಷ್ಟು ಯಂತ್ರಕ್ಕೆ ನನ್ನ ಕಾಲನ್ನು ಕಟ್ಟಿಹಾಕಿಕೊಂಡಿದ್ದೇನೆ ಅಂತ ಅವತ್ತು ಗೊತ್ತಾಯಿತು.

ದೈಹಿಕ ಪರೀಕ್ಷೆಗೆ ಎರಡು ದಿನ ಇರುವಾಗ ಸರ್ ಎದುರು ನಿಂತೆ. "ಸರ್, ಅವತ್ತ ಬೆಳಿಗ್ಗೆ ವಿಜಯಪುರಕ್ಕ ಯಂತ್ರ ತರ್ರಿ. ನಿಮ್ಮ ಕಾಲ ಬೀಳ್ತೇನಿ."

"ಹುಚ್ಚಿ, ಅದನ್ನ ಖೋಲಿ ಬಿಟ್ಟು ಒಯ್ಲಿಕ್ಕೆ ನನಗ ಪರವಾನಗಿ ಇಲ್ಲ. ತಡಿ, ನಿನಗ ಎಷ್ಟು ಕರೆಂಟು ಹೋಗೇದ ನೋಡೂಣು," ಅಂತ ಯಂತ್ರದ ದಾಖಲೆಯನ್ನು ಕಂಪ್ಯೂಟರಿನಲ್ಲಿ ತೆರೆದರು. ಒಂದೊಂದೇ ದಿನದ ಸಾಲಿನ ಮೇಲೆ ಬೆರಳಿಟ್ಟು ನೋಡಿದರು.

"ಶೈಲಾ, ನೀ ಎಣ್ಣಿ ಹಚ್ಚಕೊಂಡು ಬರ್ತಿದ್ದೇನು?"

ನಾನು ತಲೆ ತಗ್ಗಿಸಿದೆ. ಎಣ್ಣೆ ಹತ್ತಿದ ನೆತ್ತಿಗೆ ಸ್ಪಂಜಿನಿಂದ ಕರೆಂಟು ಹಾಯದೆ, ಯಂತ್ರ ಪ್ರತಿ ದಿನವೂ ಮೊದಲ ನಿಮಿಷದಲ್ಲೇ ತಾನಾಗಿ ಬಂದ್ ಆಗಿತ್ತು. ಪರದೆಯೊಳಗೆ ನನ್ನೆದುರು ಉರಿಯುತ್ತಿದ್ದ ಕೆಂಪು ದೀಪ ಅದನ್ನೇ ಹೇಳುತ್ತಿತ್ತಂತೆ. ದೀಪ ಉರಿದರೆ ಯಂತ್ರ ನಡೆದಿದೆ ಅಂತ ನಾನು ತಿಳಿದಿದ್ದೆ.

ಹತ್ತು ದಿನದ ಕೆಲಸ ನೀರಿಗೆ ಹೋಯಿತು ಅಂತ ಸರ್ ಕೂಗಾಡಿದರು. ಆಮೇಲೆ ನನ್ನ ಮುಖ ನೋಡಿ ಮೆತ್ತಗಾದರು. "ಅಳಬ್ಯಾಡ. ಇದು ಛಲೋ ಸುದ್ದಿನ ಅದ. ಕರೆಂಟು ಹೋಗಽ ಇಲ್ಲ ಅಂದ್ರ ಹಾರಿದ್ದು ನೀನಽ. ನಾಡಿದ್ದು ಹಂಗಽ ಹಾರು."

ನನಗೂ ಹಾಗೇ ಅನಿಸಿತು, ಮರಳಿನ ಗುಂಡಿಯ ಹತ್ತಿರ ಹೋಗುವ ತನಕ. ಎರಡು ಇಪ್ಪತ್ತನಾಲ್ಕು. ಇನ್ನೊಮ್ಮೆ ಜಿಗಿದೆ, ಎರಡು ಇಪ್ಪತ್ತು. ಸರ್ ಟೇಪಿನ ಅಂಕಿ ಹೇಳುವುದನ್ನು ನಿಲ್ಲಿಸಿದರು.

ಮನೆಗೆ ಓಡಿದೆ. ಅವ್ವನೊಂದಿಗೆ ಜಗಳ ತೆಗೆದು, ಸೀಗೆಕಾಯಿ ಹಾಕಿ ಎರಡೆರಡು ಸಲ ತಲೆ ತೊಳೆದು, ಮಧ್ಯಾಹ್ನ ಹಸಿ ಕೂದಲಲ್ಲೇ ವಾಪಸು ಬಂದೆ.

"ಈಗ ಖರೇ ಕರೆಂಟ ಬಿಡ್ರಿ ಸರ್."

ಒಲ್ಲೆನೆಂದರು. ನಿಯಮ ಹೇಳಿದರು. ನನ್ನ ಅಳು ನಿಲ್ಲದಾಗ ಒಪ್ಪಿದರು. ಈ ಸಲ ಕೆಂಪು ದೀಪ ಹತ್ತಲಿಲ್ಲ. ಕರೆಂಟು ಇಪ್ಪತ್ತು ನಿಮಿಷವೂ ನೆತ್ತಿಯಲ್ಲಿ ಹರಿದಾಡಿತು. ಎದ್ದೆ, ಓಡಿದೆ, ಜಿಗಿದೆ.

ಎರಡು ಇಪ್ಪತ್ತಾರು.

ಮರಳಿನಿಂದ ಏಳಲಿಲ್ಲ ನಾನು. ಸಿಟ್ಟು ಬಂತು. ಅವ್ವನ ಮೇಲಲ್ಲ, ಯಂತ್ರದ ಮೇಲೂ ಅಲ್ಲ.

"ಸರ್, ನನಗ ಯಾಕ ಹೇಳಿದ್ರಿ?"

"ಇದ್ದದ್ದು ಹೇಳಬೇಕಲ್ಲ ಶೈಲಾ. ಸುಳ್ಳು ಹ್ಯಾಂಗ ಹೇಳ್ಲಿ?"

"ನಾ ನಿಮಗ ಹತ್ತ ದಿನ ಸುಳ್ಳ ಹೇಳೀನ್ರಿ. ನಿಮಗ ಎರಡ ದಿನ ಆಗಲಿಲ್ಲೇನ್ರಿ?"

ಅವರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ನಾಡಿದ್ದು ಬೆಳಿಗ್ಗೆ ಏಳು ಗಂಟೆಗೆ ನನ್ನ ಪರೀಕ್ಷೆ.