ಐದು ಎಣಿಸುವಷ್ಟು ಹೊತ್ತು

ನನ್ನ ಹೆಂಡತಿ ನಾಗವೇಣಿ ತೀರಿಕೊಂಡು ಎರಡು ತಿಂಗಳಾಗಿತ್ತು. ಕೊನೆಯ ದಿನ ಅವಳ ಉಸಿರು ನಡುನಡುವೆ ನಿಂತು ಮತ್ತೆ ಬರುತ್ತಿತ್ತು. ಒಮ್ಮೆ ನಿಂತದ್ದು ಮತ್ತೆ ಬರಲಿಲ್ಲ.

ಮಗಳು ವಿನುತಾ ಕುಮಟೆಯ ಆಸ್ಪತ್ರೆಯಲ್ಲಿ ಹೆತ್ತು, ಮೂರನೆಯ ದಿನ ಕೂಸಿನೊಂದಿಗೆ ಮನೆಗೆ ಬಂದಳು. ನಿದ್ದೆಯಲ್ಲಿದ್ದ ಕೂಸಿನ ಉಸಿರೂ ಹಾಗೆಯೇ ತಡೆಯುವುದನ್ನು ಕಂಡು, ಕೈಯಲ್ಲಿದ್ದ ಜಪಮಾಲೆ ಹಿಡಿದೇ ಹೊರಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂಗಾರಿ ತಪಾಸಣೆಗೆ ಬಂದಳು.

"ಉಸ್ರು ನಿಲ್ತದೆ ಬಂಗಾರಿ. ಬೇಗ ಗಾಡಿ ಕರೆಸು," ಎಂದೆ.

ಅವಳು ಕೂಸಿನ ಅಂಗಿ ಬಿಚ್ಚಿ ನೋಡಿದಳು. "ತುಟಿ ಕೆಂಪಗದೆ, ಪಕ್ಕೆ ಒಳಗೆ ಎಳೀತಿಲ್ಲ, ಹಾಲೂ ಚಲೋ ಕುಡೀತದಂತೆ. ಹಸಿಕೂಸಿನ ಉಸ್ರು ಐದು ಎಣಿಸೂವಷ್ಟು ಹೊತ್ತು ತಡೀತದೆ ಅಜ್ಜಾ. ಅದ್ಕೇ ಪೂರ್ತಿ ಒಂದು ನಿಮಿಷ ಎಣಿಸ್ಬೇಕು. ನಿಮಿಷಕ್ಕೆ ಉಸ್ರು ಅರವತ್ತು ದಾಟಿದ್ರೆ ಗಾಡಿ ಕರೆಸ್ವ. ನಾನು ಗಡಿಯಾರ ನೋಡ್ತೆ, ನೀವು ಜಪಮಣಿ ಎಳೀರಿ."

ಒಂದು ಉಸಿರಿಗೆ ಒಂದು ಮಣಿಯಂತೆ ಎಳೆದೆ. ಮೂವತ್ತರ ಹತ್ತಿರ ಉಸಿರು ನಿಂತಿತು. ನನ್ನ ಬೆರಳೂ ನಿಂತಿತು. ಒಂದು, ಎರಡು, ಮೂರು, ನಾಲ್ಕು ಎನ್ನುವಷ್ಟರಲ್ಲಿ ಕೂಸಿನ ಹೊಟ್ಟೆ ಮೇಲೆದ್ದಿತು.

ನಿಮಿಷ ಮುಗಿದಾಗ, "ನಲವತ್ತೆಂಟು," ಎಂದೆ.

"ಎಂತ ಆತು ಈಗ? ನಿಮ್ಮ ಜಪ ಬೇಕಾದ್ರೆ ತಪ್ಪೀತು, ಇದರ ಉಸ್ರು ತಪ್ಪೂದಿಲ್ಲ," ಎಂದು ಬಂಗಾರಿ ನಕ್ಕಳು.

ಏಳನೆಯ ದಿನದ ತಪಾಸಣೆಗೆ ಅವಳು ಬರುವ ಮೊದಲೇ ಮಾಲೆ ಹಿಡಿದು ಕೂಸಿನ ಪಕ್ಕ ಕುಳಿತಿದ್ದೆ. ಉಸಿರು ತಡೆಯಿತು. ಬೆರಳನ್ನು ಮುಂದಿನ ಮಣಿಯ ಮೇಲಿಟ್ಟು, ದೇವರ ಹೆಸರು ಹೇಳಿ ಕಾದೆ. ಬರುತ್ತದೆಂದು ಗೊತ್ತಿತ್ತು. ಬಂತು.