ಬಾಜೂ ಮನೆಯ ಸಾಕ್ಷಿ

ಹುಮನಾಬಾದಿನ ಕಡೆ ಹೆಣ್ಣು ನೋಡುವುದಕ್ಕೆ ಮೊದಲು ಬಾಜೂ ಮನೆ ನೋಡುತ್ತಾರೆ. ಗಂಡಿನ ಕಡೆಯ ಒಬ್ಬ ಹಿರಿಯ ಹೇಳದೆ ಕೇಳದೆ ಓಣಿಗೆ ಬಂದು, ವಿಳಾಸ ಹುಡುಕುವ ನೆಪ ಮಾಡಿ, ನೆರೆಯವರ ಗೇಟಿನಲ್ಲಿ ನಿಂತು ‘ಆ ಮನೀ ಮಂದಿ ಹ್ಯಾಂಗ್ರಿ?’ ಎಂದು ಕೇಳುತ್ತಾನೆ. ಅಲ್ಲಿ ಬಂದ ಉತ್ತರವೇ ಕೋರ್ಟಿನ ತೀರ್ಪು. ಅದರ ಮೇಲೆ ಅಪೀಲು ಇಲ್ಲ.

ಇಷ್ಟು ಗೊತ್ತಿದ್ದೂ ಸೂಗಮ್ಮ ಹತ್ತು ವರ್ಷ ಮೈಮರೆತಿದ್ದಳು. ಅವಳ ಮನೆಯ ಎಡಕ್ಕೆ ಖಾಲಿ ಸೈಟು, ಎದುರಿಗೆ ತೊಗರಿ ಗೋದಾಮಿನ ಬೆನ್ನು. ಉಳಿದದ್ದು ಬಲಗಡೆಯ ಒಂದೇ ಮನೆ, ಉರ್ದು ಶಾಲೆಯ ಸೈಫುದ್ದೀನ್ ಮಾಸ್ತರರದು. ಮಾಸ್ತರರು ಹಗಲೆಲ್ಲ ಶಾಲೆಯಲ್ಲಿ. ಗೇಟಿಗೆ ಬರುವವಳು ಅವರ ಹೆಂಡತಿ ದಿಲ್ಶಾದ್ ಬೇಗಂ.

ಆ ದಿಲ್ಶಾದ್ ಬೇಗಂಗೆ ಸೂಗಮ್ಮ ಮಾಡಿದ್ದು ಒಂದೆರಡಲ್ಲ. ಅವರು ಮನೆ ಕಟ್ಟಿದ ವರ್ಷವೇ ನಡುವಿನ ಗೋಡೆ ಏರಿಸಿ ಮೇಲೆ ಗಾಜಿನ ಚೂರು ನೆಡಿಸಿದಳು. ಅವರ ಮಗಳು ಸಿಮ್ರಾನ್ ಚೆಂಡು ಕೇಳಲು ಬಂದರೆ ಚೆಂಡು ಕೊಟ್ಟು ಕಳಿಸಿ ಮೆಟ್ಟಿಲು ತೊಳೆದಳು. ಪ್ರತಿ ರಂಜಾನಿಗೆ ಬರುತ್ತಿದ್ದ ಶೀರ್ ಖುರ್ಮಾ ಪಾಯಸವನ್ನು ನಗುನಗುತ್ತ ಇಸಿದುಕೊಂಡು ಹಿತ್ತಿಲ ಎಮ್ಮೆಗೆ ಸುರಿದಳು. ಗೋಡಂಬಿ, ಖರ್ಜೂರದ ರುಚಿ ಹತ್ತಿದ ಎಮ್ಮೆ ಹಬ್ಬದ ದಿನ ಬೆಳಗಿನಿಂದಲೇ ಬಾಗಿಲ ಕಡೆ ಕತ್ತು ಚಾಚಿ ನಿಲ್ಲುತ್ತಿತ್ತು. ಯಾರಾದರೂ ಯಾಕಮ್ಮಾ ಹೀಗೆ ಎಂದರೆ ಸೂಗಮ್ಮ ‘ನಮ್ಮಾಗ ನಡ್ಯೂದಿಲ್ರಿ’ ಎನ್ನುವಳು. ಎಮ್ಮೆಗಳಲ್ಲಿ ನಡೆಯುತ್ತಿತ್ತು.

೧೯೯೯ರ ಬೇಸಿಗೆಯಲ್ಲಿ ಮಗಳು ವಿಜಯಶ್ರೀಗೆ ಹೈದರಾಬಾದಿನ ಸಂಬಂಧ ಬಂತು. ಅದಕ್ಕೂ ಮೊದಲಿನ ಸಂಬಂಧಗಳು ಬಂದ ಹಾಗೇ ಸರಿದುಹೋಗಿದ್ದವು. ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವಿಜಯಶ್ರೀ ತಲೆ ಕೆಡಿಸಿಕೊಂಡಿರಲಿಲ್ಲ. ಸೂಗಮ್ಮನಿಗೆ ಮಾತ್ರ ಅದೇ ಚಿಂತೆಯಾಗಿತ್ತು. ಇದೊಂದು ತಪ್ಪಿದರೆ ಇನ್ನು ಯಾರೂ ತಮ್ಮ ಬಾಗಿಲಿಗೆ ಬರುವುದಿಲ್ಲ ಎಂದು ಅವಳು ನಂಬಿಬಿಟ್ಟಿದ್ದಳು. ಹುಡುಗನ ಸೋದರಮಾವ ವೈಜನಾಥ ಬಸವಕಲ್ಯಾಣದಿಂದ ಯಾವಾಗ ಬೇಕಾದರೂ ವಿಚಾರಿಸಲು ಬರಬಹುದು ಎಂದು ಗಂಡ ಮಹಾರುದ್ರಪ್ಪ ತನ್ನ ಕಿರಾಣಿ ಅಂಗಡಿಯಿಂದ ಸುದ್ದಿ ತಂದಾಗ ಅವಳು ಹೋಳಿಗೆಗೆ ಬೇಳೆ ಬೇಯಲು ಇಟ್ಟಳು.

ಹೋಳಿಗೆಯ ತಾಟು ಹಿಡಿದು ಸೂಗಮ್ಮ ಮೊದಲ ಬಾರಿಗೆ ಬಲಗಡೆಯ ಗೇಟು ದಾಟಿದಳು.

“ದಿಲ್ಶಾದಾ, ಹ್ಯಾಂಗ ಅದೀಯವ್ವ?”

ದಿಲ್ಶಾದ್ ಬೇಗಂ ತಾಟು ನೋಡಿದಳು, ತಾಟು ಹಿಡಿದವಳ ಮುಖ ನೋಡಿದಳು. “ಯಾರರ ಸತ್ತಾರೇನ್ರಿ ಅಕ್ಕಾ?”

“ಬಿಡ್ತು ಅನ್ನು! ವಿಜಿಗೆ ಗಂಡು ಬಂದದ. ಕೇಳಾಕ ನಿನ್ನ ಕಡೇನ ಬರ್ತಾರ. ಒಂದ್ ನಾಕ ಛಲೋ ಮಾತು ಹೇಳವ್ವ.”

“ನಿಮ್ಮ ಬಗ್ಗೇನು?” ದಿಲ್ಶಾದ್ ಬೇಗಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ಹುಡುಕಬೇಕಾಗ್ತದ್ರಿ. ಆದ್ರ ವಿಜಿ ನಮ್ಮ ಸಿಮ್ರಾನ್‌ಗ ಗಣಿತ ಹೇಳ್ಕೊಟ್ಟಾಳ, ನಿಮಗ ಗೊತ್ತಾಗದಂಗ. ಅಕಿ ಸಲುವಾಗಿ ಹೇಳ್ತೀನಿ, ಹೋಗ್ರಿ.”

ವೈಜನಾಥ ಬಂದ ದಿನ ಸೂಗಮ್ಮ ಬಚ್ಚಲ ಕಿಂಡಿಗೆ ಕಿವಿ ಹಚ್ಚಿ ನಿಂತಳು.

“ಸೂಗಮ್ಮಕ್ಕ ಅಂದ್ರ ನನಗ ಸಗೀ ಅಕ್ಕ ಇದ್ದಂಗ್ರಿ ಸಾವಕಾರ್ರ,” ಎನ್ನುತ್ತಿದ್ದಳು ದಿಲ್ಶಾದ್ ಬೇಗಂ. “ಅವರಿಲ್ದ ನಮ್ಮ ಈದ್ ಆಗೂದಿಲ್ಲ. ನಮ್ಮ ಶೀರ್ ಖುರ್ಮಾ ಅವರ ಮನ್ಯಾಗ ಒಂದು ಹನಿ ಉಳ್ಯೂದಿಲ್ರಿ, ಪಾತೇಲಿ ನೆಕ್ಕಿಟ್ಟಂಗ ವಾಪಸ್ ಬರ್ತದ. ವಿಜಿ ಅಂತೂ ನಮ್ಮ ಮನೀ ಮಗಳು ಅಂತ ತಿಳ್ಕೋರಿ.”

ಕಿಂಡಿಯ ಹಿಂದೆ ಸೂಗಮ್ಮನ ಕಣ್ಣು ತುಂಬಿ ಬಂತು. ಎಂಥ ಹೆಂಗಸು, ಎಂಥ ಬಾಯಿ! ವೈಜನಾಥನ ಮುಖ ಹುಳ್ಳಗಾದದ್ದು ಅಲ್ಲಿಂದ ಕಾಣುವ ಹಾಗಿರಲಿಲ್ಲ.

ಮರುದಿನವೇ ಅಂಗಡಿಯ ಫೋನಿಗೆ ಉತ್ತರ ಬಂತು. ಮಹಾರುದ್ರಪ್ಪ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ: “ಬ್ಯಾಡಂತ. ನಿಮ್ಮ ಮನೀ ಭಾಳ ಬೆರಕಿ ಅದ, ಮುಸಲರ ಕೂಡ ಉಣ್ಣೂದು ತಿನ್ನೂದು ಎಲ್ಲಾ ಅದ ಅಂದ್ರು.”

“ಬೆರಕಿ? ನಾನು?” ಸೂಗಮ್ಮ ಕೈಯಲ್ಲಿದ್ದ ಮೊರ ಬಿಸಾಡಿದಳು. “ಹತ್ತು ವರ್ಷದಾಗ ಅಕಿ ಮನೀ ನೀರು ಮುಟ್ಟಿಲ್ಲ ನಾ! ಬೇಕಾದ್ರ ಎಮ್ಮೀನ್ನ ಕೇಳಂತ ಹೇಳ್ರಿ!”

“ಎಮ್ಮಿ ಸಾಕ್ಷಿ ನಡ್ಯೂದಿಲ್ಲ,” ಎಂದು ಮಹಾರುದ್ರಪ್ಪ ಅಂಗಡಿಗೆ ಹೊರಟೇ ಹೋದ.

ಸೂಗಮ್ಮ ಈ ಸಲ ತಾಟಿಲ್ಲದೆ ಬಲಗಡೆಯ ಗೇಟಿಗೆ ಓಡಿದಳು. “ದಿಲ್ಶಾದಾ, ನನ್ನ ಕೂಡ ಬಸವಕಲ್ಯಾಣಕ್ಕ ಬಾ. ಹುಡುಗನ ಅವ್ವ ರುಕ್ಮಿಣಿಬಾಯಿ ಹೈದರಾಬಾದಿಂದ ತಮ್ಮನ ಮನೀಗೆ ಬಂದಾಳ. ಅಕಿ ಮುಂದ ಖರೇ ಹೇಳು. ನಾ ನಿನಗ ಏನೇನು ಮಾಡೀನಿ, ಒಂದೂ ಬಿಡಬ್ಯಾಡ.”

“ಎಮ್ಮೀದು ಸೈತ ಹೇಳ್ಲೇನ್ರಿ?”

“ಅದು ನಿನಗ ಹ್ಯಾಂಗ ಗೊತ್ತು?”

“ಗೋಡಿ ಎತ್ತರ ಮಾಡಿದ್ರಿ, ಹಿತ್ತಲಕ್ಕ ಮಾಳಗಿ ಹಾಕಿಸ್ಲಿಲ್ಲಲ್ಲ. ನಾ ನಮ್ಮ ಮಾಳಗಿ ಮ್ಯಾಲೆ ಹಪ್ಪಳ ಒಣಗಸಾಕ ಹೋಗ್ತೀನಿ, ಎಲ್ಲಾ ಕಾಣ್ತದ. ನೋಡಿದ ಮ್ಯಾಲ ನಿಮ್ಮ ಪಾಲಿಗೆ ಗೋಡಂಬಿ ಕಮ್ಮಿ ಮಾಡೀನಿ. ಎಮ್ಮಿಗ್ಯಾಕ್ರಿ ಗೋಡಂಬಿ?” ದಿಲ್ಶಾದ್ ಬೇಗಂ ಬುರ್ಖಾ ಹಾಕಿಕೊಂಡು ಬರಲು ಒಳಗೆ ಹೊರಟಳು. “ನಡ್ರಿ, ಬರ್ತೀನಿ. ಇದನ್ನ ಇಲ್ಲೀತನಕ ನನ್ನ ಯಾರೂ ಕೇಳಿಲ್ಲ. ನೀವ ಹೇಳು ಅಂತೀರಿ ಅಂದ್ರ ಬಿಡ್ಲೇನು?”

ಬಸವಕಲ್ಯಾಣದ ಜೀಪಿನಲ್ಲಿ ಮಡಿ ಮೈಲಿಗೆಗೆ ಜಾಗವಿರುವುದಿಲ್ಲ. ಕಬ್ಬಿಣದ ಟ್ರಂಕು, ಒಂದು ಆಡು, ಆಡಿನ ಯಜಮಾನ ಇವರೆಲ್ಲರ ನಡುವೆ ಸೂಗಮ್ಮನ ಅರ್ಧ ಮೈ ದಿಲ್ಶಾದ್ ಬೇಗಂ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ತಾಲೀಮು ನಡೆಯಿತು.

“ಮೆಟ್ಟಲಾ ತೊಳದದ್ದು ಮೊದಲ ಹೇಳ್ಲೋ, ಗೋಡಿದು ಮೊದಲ ಹೇಳ್ಲೋ?”

“ಗೋಡಿದು. ದೊಡ್ಡದು ಮೊದಲ ಬರ್ಲಿ.”

ಕೋಟೆಯ ಹತ್ತಿರದ ವೈಜನಾಥನ ಮನೆಯಲ್ಲಿ ರುಕ್ಮಿಣಿಬಾಯಿ ಸೂಗಮ್ಮನನ್ನು ಸೋಫಾದ ಮೇಲೆ ಕೂರಿಸಿ, ಫ್ಯಾನು ಹಾಕಿ, ಯಾಲಕ್ಕಿ ಚಹಾ ತರಿಸಿದಳು. ದಿಲ್ಶಾದ್ ಬೇಗಂಗೆ ಹೊರಗಿನ ಕಟ್ಟೆ ತೋರಿಸಿದಳು. ಕಟ್ಟೆಯ ಮೇಲೆ ನೆರಳಿರಲಿಲ್ಲ. ಬಿಸಿಲಲ್ಲಿ ಕೂತೇ ಅವಳು ಬಾಗಿಲೊಳಗೆ ಸಾಕ್ಷಿ ನುಡಿದಳು.

ರುಕ್ಮಿಣಿಬಾಯಿ ಗೋಡೆಗೆ ತಲೆದೂಗಿದಳು, ಗಾಜಿಗೆ ‘ಭೇಷ್’ ಅಂದಳು, ಮೆಟ್ಟಿಲು ತೊಳೆದದ್ದಕ್ಕೆ ಸೂಗಮ್ಮನ ಬಶಿಗೆ ಇನ್ನೊಂದು ಬಿಸ್ಕೀಟು ಇಟ್ಟಳು. ಎಮ್ಮೆಯ ಮಾತು ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿ ದಿಲ್ಶಾದ್ ಬೇಗಂ ತಾಲೀಮಿನಲ್ಲಿ ಇಲ್ಲದ ಒಂದು ಮಾತು ಸೇರಿಸಿದಳು: “ಖರ್ಜೂರದ ಬೀಜ ನಾನ ಕೂತು ಒಂದೊಂದ ತೆಗದಿರ್ತಿದ್ದೆರಿ. ಅಕ್ಕನ ಹಲ್ಲಿಗೆ ಹತ್ತಬಾರದಂತ.”

ಸೂಗಮ್ಮ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟಳು.

“ನಮ್ಮಂಥಾ ಮನೀನ ಅದ ನಿಮ್ಮದು!” ರುಕ್ಮಿಣಿಬಾಯಿ ಹತ್ತಿರ ಸರಿದಳು. “ಏನ್ ಮಾಡೂದ್ರಿ, ದೊಡ್ಡ ಶಹರದಾಗ ಹುಷಾರ್ ಇರಬೇಕಾಗ್ತದ. ನಾವು ಹೈದರಾಬಾದಿಗೆ ಹೋದಾಗ ನಮ್ಮ ಹಿಂದಿ ಕೇಳಿ, ಇವರು ಸಾಬರು ಅಂತ ತಿಳದು, ಅಪಾರ್ಟಮೆಂಟಿನ ಸೆಕ್ರೆಟರಿ ಮನೀ ಖಾಲಿ ಇಲ್ಲ ಅಂದ. ನಮ್ಮವರು ಅಂಗಿ ಗುಂಡಿ ಬಿಚ್ಚಿ ಕೊಳ್ಳಾಗಿನ ಲಿಂಗ ತೋರ್ಸಿದ ಮ್ಯಾಲ ಚಾವಿ ಕೊಟ್ಟ ನೋಡ್ರಿ! ಈಗ ನಮ್ಮವರು ಸೆಕ್ರೆಟರಿ ಆಗ್ಯಾರ. ಮೊನ್ನೆ ಸಾಬರ ಡಾಕ್ಟರ್ ಒಬ್ಬ ಮನೀ ಕೇಳಾಕ ಬಂದಿದ್ದ. ಖಾಲಿ ಇಲ್ಲ ಅಂತ ಕಳಿಸೇ ಬಿಟ್ರು.”

ಸೂಗಮ್ಮ ‘ಹೌದ್ರಿ, ಹೌದ್ರಿ’ ಎಂದಳು. ಕಪ್ಪು ಬರಿದಾಯಿತು.

“ಹುಡುಗಿ ನಮಗ ಪಸಂದ. ಒಂದ ಮಾತು, ಲಗ್ನಕ್ಕಿಂತ ಮೊದಲ ಆ ಮನೀ ಮಾರಿಬಿಡ್ರಿ. ನಮ್ಮ ಅಪಾರ್ಟಮೆಂಟಿನ ದೊಡ್ಡ ದೊಡ್ಡ ಮಂದಿ ಬರ್ತಾರ. ಅಂಥಾ ಓಣ್ಯಾಗ ಕಾಲಿಡೂದು ಹ್ಯಾಂಗ?”

“ಅಂಥಾ ಓಣಿ?” ಸೂಗಮ್ಮ ಎದ್ದು ನಿಂತಳು. “ಎಂಥಾ ಓಣಿರಿ?”

“ನೀವ ಈಗ ಹೇಳಿದ್ರಲ್ಲ…”

“ಅಕಿನ್ನ ಬೈಯಾಕ ಬಾಜೂಕ ನಾ ಅದೀನಿ! ಹೈದರಾಬಾದಿಂದ ನೀವ್ಯಾಕ ಬರ್ತೀರಿ? ಗಂಡನ ಅಂಗಿ ಬಿಚ್ಚಿಸಿ ಬಾಡಿಗಿ ಮನೀ ಹಿಡದಾಕಿ ನನ್ನ ಸ್ವಂತ ಮನೀ ಮಾರಸ್ತೀ? ಒಂದೊಂದ ಇಟ್ಟಂಗಿಗೆ ನೀರು ಹಾಕಿ ಕಟ್ಟೀನಿ ಅದನ್ನ! ನಿಮ್ಮ ಸಂಬಂಧ ನಿಮ್ಮ ಲಿಫ್ಟಿನಾಗ ಹಾಕಿ ಮ್ಯಾಲೆ ಕೆಳಗ ಓಡ್ಯಾಡಸ್ರಿ!”

ವಾಪಸಿನ ಜೀಪಿನಲ್ಲಿ ಸೂಗಮ್ಮನ ಮೂಗಿನ ಹೊಳ್ಳೆ ಇನ್ನೂ ಅರಳಿಯೇ ಇತ್ತು. “ನೋಡಿದ್ಯಾ, ಹ್ಯಾಂಗ ಬೈದೆ! ನಿನ್ನ ಸಲುವಾಗಿ!”

“ನನ್ನ ಸಲುವಾಗಿ?” ದಿಲ್ಶಾದ್ ಬೇಗಂ ಹೊರಗೆ ನೋಡುತ್ತಲೇ ಅಂದಳು. “ನಾ ಬಿಸಲಾಗ ಕುಂತಾಗ ನಿಮ್ಮ ಬಾಯಾಗ ಬಿಸ್ಕೀಟ್ ಇತ್ರಿ. ಆ ಡಾಕ್ಟರ್‌ನ ಕಳಿಸಿದ್ರು ಅಂದಾಗ ಹೌದ್ರಿ ಅಂದ್ರಿ. ಮನೀ ಮಾರು ಅಂದ ಮ್ಯಾಲ ನಿಮಗ ಸಿಟ್ಟು ಬಂತು.”

“ಚಾದಾಗ ಸಕ್ರಿ ಭಾಳ ಹಾಕಿದ್ಲು,” ಎಂದಳು ಸೂಗಮ್ಮ. ದಿಲ್ಶಾದ್ ಬೇಗಂ ನಗಲಿಲ್ಲ. ಜೀಪು ರಾಜೇಶ್ವರ ಊರು ದಾಟಿತು. ಆಮೇಲೆ ಸೂಗಮ್ಮ ಮಗಳಿಗೆ ಹೇಳುವ ಕಥೆಯನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಅದರಲ್ಲಿ ಅವಳು ಹೊಸ್ತಿಲಲ್ಲೇ ನಿಂತಿದ್ದಳು, ಚಹಾ ಮುಟ್ಟಿರಲಿಲ್ಲ, ‘ಮೊದಲ ನನ್ನ ದಿಲ್ಶಾದ್‌ನ ಒಳಗ ಕರೀರಿ’ ಎಂದು ಗುಡುಗಿದ್ದಳು.

ವಿಜಯಶ್ರೀ ಗೇಟಿನಲ್ಲೇ ಕಾಯುತ್ತಿದ್ದಳು. “ಏನಾತವ್ವ?”

“ಮುರೀತು.”

“ಯಾಕ?”

ಸೂಗಮ್ಮ ಬಾಯಿ ತೆರೆದಳು. ಪಕ್ಕದಲ್ಲಿ ದಿಲ್ಶಾದ್ ಬೇಗಂ ಚಪ್ಪಲಿಯ ಧೂಳು ಕೊಡವುತ್ತ ನಿಂತಿದ್ದಳು, ಹೋಗುವ ಅವಸರದಲ್ಲಿರಲಿಲ್ಲ. ಜೋಡಿಸಿಟ್ಟ ಕಥೆ ನಾಲಿಗೆಯ ತುದಿಯವರೆಗೆ ಬಂದು ಹೊರಳಿ ಒಳಗೆ ಹೋಯಿತು.

“ಬಾಜೂ ಮನ್ಯಾಕಿನ್ನ ಕೇಳು,” ಎಂದಳು ಸೂಗಮ್ಮ, ಮುಖ ಆಚೆ ತಿರುಗಿಸಿ.

“ನಿಮ್ಮವ್ವ ಭಾಳ ಛಲೋ ಬೈದ್ರು ವಿಜಿ,” ಎಂದಳು ದಿಲ್ಶಾದ್ ಬೇಗಂ. “ಚಾ ಕುಡದು ಮುಗಿಸಿದ ಮ್ಯಾಲ ಬೈದ್ರು.”